ಮಾಡಿದೆ, ಮಾಡುತ್ತಿದ್ದೆ: ಸ್ಪ್ಯಾನಿಷ್ ಎರಡನೇ ಸೆಮಿಸ್ಟರಿನ ಪ್ರಶ್ನೆಗಳು

ಕಾಲೇಜಿನಲ್ಲಿ ಆರಂಭಿಕ ಸ್ಪ್ಯಾನಿಷ್‌ನ ಎರಡನೇ ಸೆಮಿಸ್ಟರ್ ಓದುತ್ತಿರುವವರಿಂದ ಬಂದ ಪ್ರಶ್ನೆಗಳನ್ನು ಈ ಸಲ ಒಟ್ಟಿಗೆ ತೆಗೆದುಕೊಂಡಿದ್ದೇನೆ. ಸ್ಪ್ಯಾನಿಷ್ ಪದಗಳನ್ನು ಕನ್ನಡ ಲಿಪಿಯಲ್ಲೇ ಬರೆದಿದ್ದು, ದೀರ್ಘ ಸ್ವರ ಇರುವ ಕಡೆ ಉಚ್ಚಾರಣೆಯ ಒತ್ತು ಬೀಳುತ್ತದೆ ಎಂದು ತಿಳಿದುಕೊಂಡು ಓದಬೇಕು.

ಪ್ರಶ್ನೆ: ಮೊದಲ ಸೆಮಿಸ್ಟರಿನಲ್ಲಿ ನನಗೆ ಒಳ್ಳೆಯ ಅಂಕಗಳು ಬಂದಿದ್ದವು. ಈಗ ಭೂತಕಾಲದ ಪಾಠಗಳು ಆರಂಭವಾದ ಮೇಲೆ ದಾರಿ ತಪ್ಪಿದಂತಾಗಿದೆ. ಪ್ರೆಟರಿಟ್ (ನಡೆದು ಮುಗಿದದ್ದು) ಮತ್ತು ಇಂಪರ್ಫೆಕ್ಟ್ (ನಡೆಯುತ್ತಿದ್ದದ್ದು) ಎಂಬ ಎರಡು ಭೂತಕಾಲಗಳ ನಿಯಮಗಳನ್ನು ಇಂಗ್ಲಿಷ್ ಪಠ್ಯಪುಸ್ತಕದಿಂದ ಬಾಯಿಪಾಠ ಮಾಡಿದ್ದೇನೆ. ಆದರೂ ವಾಕ್ಯ ಬರೆಯಲು ಕುಳಿತಾಗ ಯಾವುದನ್ನು ಬಳಸಬೇಕೆಂದು ಹೊಳೆಯುವುದಿಲ್ಲ. ಕೋರ್ಸನ್ನು ಬಿಟ್ಟುಬಿಡುವುದೇ ಒಳ್ಳೆಯದೇ?

ಉತ್ತರ: ದಯವಿಟ್ಟು ಬಿಡಬೇಡಿ. ನಿಮ್ಮನ್ನು ಕಾಡುತ್ತಿರುವ ವ್ಯತ್ಯಾಸವನ್ನು ನೀವು ಮಾತು ಕಲಿತ ದಿನಗಳಿಂದ ಒಮ್ಮೆಯೂ ತಪ್ಪದೆ ಬಳಸುತ್ತ ಬಂದಿದ್ದೀರಿ. ಅದನ್ನು ಇಂಗ್ಲಿಷ್ ಮೂಲಕ ನೋಡಲು ಹೋದದ್ದರಿಂದಲೇ ಅದು ಅಪರಿಚಿತವಾಗಿ ಕಂಡಿದೆ. ‘ಆಡಿದೆವು’ ಮತ್ತು ‘ಆಡುತ್ತಿದ್ದೆವು’ ಎಂಬ ಎರಡಕ್ಕೂ ಇಂಗ್ಲಿಷಿನಲ್ಲಿ ಅನೇಕ ಸಲ ಒಂದೇ ಕ್ರಿಯಾರೂಪ ಸಾಕಾಗುವುದರಿಂದ, ಆ ಭಾಷೆಯವರಿಗಾಗಿ ಬರೆದ ಪುಸ್ತಕಗಳು ಪುಟಗಟ್ಟಲೆ ನಿಯಮಗಳನ್ನು ಕೊಡಬೇಕಾಗುತ್ತದೆ. ಕನ್ನಡದವರಿಗೆ ಅವುಗಳಲ್ಲಿ ಹೆಚ್ಚಿನವು ಬೇಕಿಲ್ಲ. ‘ನಾನು ಅಮ್ಮನೊಂದಿಗೆ ಮಾತನಾಡುತ್ತಿದ್ದೆ, ಆಗ ತಂಗಿ ಬಂದಳು’ ಎಂಬ ವಾಕ್ಯವನ್ನು ತೆಗೆದುಕೊಳ್ಳಿ. ‘ಮಾತನಾಡುತ್ತಿದ್ದೆ’ ಎಂಬುದಕ್ಕೆ ಇಂಪರ್ಫೆಕ್ಟ್ ರೂಪವಾದ ‘ಅಬ್ಲಾಬ’ ಬರುತ್ತದೆ, ‘ಬಂದಳು’ ಎಂಬುದಕ್ಕೆ ಪ್ರೆಟರಿಟ್ ರೂಪವಾದ ‘ಯೆಗೋ’ ಬರುತ್ತದೆ. ‘ಚಿಕ್ಕವರಿದ್ದಾಗ ಪ್ರತಿ ಸಂಜೆ ಆಡುತ್ತಿದ್ದೆವು’ ಎಂದರೆ ‘ಹುಗಾಬಮೊಸ್’, ‘ನಿನ್ನೆ ಆಡಿದೆವು’ ಎಂದರೆ ‘ಹುಗಾಮೊಸ್’. ನಿಷೇಧದಲ್ಲಿಯೂ ಈ ಜೋಡಿ ಉಳಿಯುತ್ತದೆ: ‘ಮಾಡಲಿಲ್ಲ’ ಪ್ರೆಟರಿಟ್, ‘ಮಾಡುತ್ತಿರಲಿಲ್ಲ’ ಇಂಪರ್ಫೆಕ್ಟ್.

ಇನ್ನೂ ಸಂತೋಷ ಕೊಡುವ ಸಂಗತಿಯೊಂದಿದೆ. ಕೆಲವು ಕ್ರಿಯಾಪದಗಳು ಪ್ರೆಟರಿಟ್‌ನಲ್ಲಿ ‘ಅರ್ಥ ಬದಲಿಸುತ್ತವೆ’ ಎಂಬ ಪಟ್ಟಿಯೊಂದು ನಿಮ್ಮ ಪುಸ್ತಕದಲ್ಲಿ ಇದ್ದೇ ಇರುತ್ತದೆ, ಮತ್ತು ವಿದ್ಯಾರ್ಥಿಗಳು ಅದನ್ನು ಕಂಡು ಹೆದರುತ್ತಾರೆ. ತಿಳಿದಿರುವುದನ್ನು ಹೇಳುವ ‘ಸಬೇರ್’ ಎಂಬ ಕ್ರಿಯಾಪದದಲ್ಲಿ ‘ಸಬೀಯ’ ಎಂದರೆ ‘ಗೊತ್ತಿತ್ತು’, ‘ಸೂಪೆ’ ಎಂದರೆ ‘ಗೊತ್ತಾಯಿತು’. ‘ಕೊನೊಸೇರ್’ ಎಂಬುದರಲ್ಲಿ ‘ಕೊನೊಸೀಯ’ ಎಂದರೆ ‘ಪರಿಚಯವಿತ್ತು’, ‘ಕೊನೊಸೀ’ ಎಂದರೆ ‘ಪರಿಚಯವಾಯಿತು’. ‘ಪೊದೇರ್’ ಎಂಬುದರಲ್ಲಿ ‘ಪೊದೀಯ’ ಎಂದರೆ ‘ಸಾಧ್ಯವಿತ್ತು’, ‘ಪೂದೆ’ ಎಂದರೆ ‘ಸಾಧ್ಯವಾಯಿತು’. ಕನ್ನಡದ ‘ಇತ್ತು’ ಮತ್ತು ‘ಆಯಿತು’ ಇಲ್ಲಿ ಆ ಪಟ್ಟಿಯ ಹೆಚ್ಚಿನ ಕೆಲಸವನ್ನು ಮಾಡಿಬಿಡುತ್ತವೆ. ಈ ಹೊಂದಾಣಿಕೆ ನನ್ನ ಗಮನಕ್ಕೆ ಮೊದಲು ಬಂದ ದಿನ ನಾನು ಹಳೆಯ ಅಭ್ಯಾಸಪುಸ್ತಕವನ್ನು ತೆಗೆದು, ಹಿಂದೆ ತಪ್ಪಾಗಿದ್ದ ವಾಕ್ಯಗಳನ್ನೆಲ್ಲ ಕನ್ನಡದಲ್ಲಿ ಹೇಳಿಕೊಂಡು ತಿದ್ದಿದ್ದೆ. ಹೆಚ್ಚಿನವು ತಾವಾಗಿಯೇ ಸರಿಹೋದವು.

ಆದರೆ ಕನ್ನಡದಲ್ಲಿ ಹೇಳಿನೋಡುವ ಈ ಪರೀಕ್ಷೆ ಕೈಕೊಡುವ ಒಂದು ಜಾಗವನ್ನು ಹೇಳದೆ ಬಿಡಬಾರದು. ‘ಇದ್ದೆ’ ಎಂಬ ನಮ್ಮ ರೂಪ ಎರಡೂ ಕಡೆಗೆ ಸಲ್ಲುತ್ತದೆ. ‘ಅವರು ಬಂದಾಗ ನಾನು ಮನೆಯಲ್ಲಿದ್ದೆ’ ಎನ್ನುವಾಗ ‘ಎಸ್ತಾಬ’ ಎಂಬ ಇಂಪರ್ಫೆಕ್ಟ್ ಬೇಕು. ‘ಎರಡು ದಿನ ಮನೆಯಲ್ಲಿದ್ದೆ’ ಎನ್ನುವಾಗ, ಕಾಲದ ಅಳತೆಯನ್ನು ಹೇಳಿ ಮುಗಿಸಿದ್ದರಿಂದ, ‘ಎಸ್ತೂಬೆ’ ಎಂಬ ಪ್ರೆಟರಿಟ್ ಬೇಕು. ಆದ್ದರಿಂದ ‘ಇದ್ದೆ, ಇದ್ದ, ಇದ್ದರು’ ಬಂದಲ್ಲಿ ಮಾತ್ರ ನಿಂತು, ಆ ಇರುವಿಕೆಗೆ ಅವಧಿಯನ್ನು ಹೇಳಿದ್ದೇನೆಯೇ ಎಂದು ಕೇಳಿಕೊಳ್ಳಿ.

ಯಾವ ಕಾಲ ಎಂಬುದು ತಿಳಿದ ಮೇಲೆ ಉಳಿಯುವುದು ರೂಪಗಳು, ಮತ್ತು ಇಲ್ಲಿ ಬಾಯಿಪಾಠಕ್ಕೆ ಬೇರೆ ದಾರಿಯಿಲ್ಲ. ಇಂಪರ್ಫೆಕ್ಟ್ ಸುಲಭವಾದದ್ದು: ‘ಸೆರ್’, ‘ಇರ್’, ‘ಬೆರ್’ ಎಂಬ 3 ಕ್ರಿಯಾಪದಗಳನ್ನು ಬಿಟ್ಟರೆ ಉಳಿದವೆಲ್ಲ ನಿಯಮದಂತೆ ನಡೆಯುತ್ತವೆ. ಪ್ರೆಟರಿಟ್‌ನಲ್ಲಿ ನಿಯಮ ಮೀರುವವು ಹೆಚ್ಚು, ಅದರಲ್ಲೂ ದಿನನಿತ್ಯ ಬೇಕಾಗುವವೇ ಹೆಚ್ಚು. ಅವುಗಳನ್ನು ‘ನಾನು’ ಮತ್ತು ‘ಅವನು’ ಎಂಬ ಜೋಡಿಯಾಗಿ ಕಲಿಯಿರಿ: ತೂಬೆ–ತೂಬೊ, ಈಸೆ–ಈಸೊ, ದೀಹೆ–ದೀಹೊ, ಬೀನೆ–ಬೀನೊ. ಇವುಗಳಲ್ಲಿ ಒತ್ತು ಮೊದಲಿಗೇ ಬೀಳುತ್ತದೆ, ನಿಯಮಬದ್ಧವಾದ ‘ಅಬ್ಲೇ–ಅಬ್ಲೋ’ದಲ್ಲಿ ಕೊನೆಗೆ ಬೀಳುತ್ತದೆ, ಈ ವ್ಯತ್ಯಾಸ ಕಿವಿಗೆ ಹತ್ತಿದರೆ ಅರ್ಧ ಕೆಲಸ ಮುಗಿದಂತೆ. ‘ಫ್ವೀ’ ಎಂಬ ಒಂದೇ ರೂಪ ‘ಹೋದೆ’ ಎಂಬುದಕ್ಕೂ ‘ಆಗಿದ್ದೆ’ ಎಂಬುದಕ್ಕೂ ಬರುತ್ತದೆ ಎಂಬುದರ ಬಗ್ಗೆ ಚಿಂತಿಸಬೇಕಿಲ್ಲ, ಮುಂದಿನ ಪದವೇ ಅರ್ಥವನ್ನು ಹೇಳುತ್ತದೆ.

ಪ್ರಶ್ನೆ: ‘ನನಗೆ ಪುಸ್ತಕ ಇಷ್ಟ’ ಎನ್ನಲು ಸ್ಪ್ಯಾನಿಷ್‌ನಲ್ಲಿ ಕ್ರಿಯಾಪದ ನನ್ನೊಂದಿಗೆ ಹೊಂದದೆ ಪುಸ್ತಕದೊಂದಿಗೆ ಹೊಂದಬೇಕು ಎನ್ನುತ್ತಾರೆ. ಇದರ ಜೊತೆಗೆ ‘ಲೊ’, ‘ಲೆ’, ‘ಸೆ’ ಎಂಬ ಸರ್ವನಾಮಗಳು ಬಂದು ತಲೆ ಕೆಡಿಸಿವೆ.

ಉತ್ತರ: ನಿಮ್ಮ ಪ್ರಶ್ನೆಯ ಮೊದಲ ವಾಕ್ಯದಲ್ಲಿಯೇ ಉತ್ತರವಿದೆ. ‘ನಾನು ಇಷ್ಟ’ ಎಂದು ಕನ್ನಡದಲ್ಲಿ ಯಾರೂ ಹೇಳುವುದಿಲ್ಲ. ನಮ್ಮ ಚತುರ್ಥಿ ವಿಭಕ್ತಿಯ ‘ನನಗೆ’ ಎಂಬುದೇ ಸ್ಪ್ಯಾನಿಷ್‌ನ ‘ಮೆ’. ‘ಈ ಪುಸ್ತಕ ನನಗೆ ಇಷ್ಟವಾಯಿತು’ ಎಂದರೆ ‘ಮೆ ಗುಸ್ತೋ’, ‘ಈ ಪುಸ್ತಕಗಳು ನನಗೆ ಇಷ್ಟವಾದವು’ ಎಂದರೆ ‘ಮೆ ಗುಸ್ತಾರೊನ್’. ಆಯಿತು, ಆದವು ಎಂಬ ಬದಲಾವಣೆ ಎರಡು ಭಾಷೆಗಳಲ್ಲಿಯೂ ಪುಸ್ತಕವನ್ನೇ ಅನುಸರಿಸಿದೆ. ‘ನನಗೆ ತಲೆ ನೋಯುತ್ತಿದೆ’ ಎಂಬುದೂ ಇದೇ ಅಚ್ಚಿನಲ್ಲಿ ‘ಮೆ ದ್ವೇಲೆ ಲ ಕಬೇಸ’ ಎಂದಾಗುತ್ತದೆ.

ಹಾಗೆಂದು ‘ನನಗೆ’ ಬಂದಲ್ಲೆಲ್ಲ ‘ಮೆ’ ಹಾಕಿದರೆ ಅಂಕ ಕಳೆದುಕೊಳ್ಳುತ್ತೀರಿ. ‘ನನಗೆ ಹಸಿವಾಗಿದೆ’ ಎನ್ನಲು ಸ್ಪ್ಯಾನಿಷರು ‘ತೇಂಗೊ ಆಂಬ್ರೆ’, ಅಂದರೆ ಹಸಿವು ನನ್ನಲ್ಲಿದೆ, ಎನ್ನುತ್ತಾರೆ. ವಯಸ್ಸನ್ನು ಹೇಳುವುದಕ್ಕೂ ಇದೇ ಕ್ರಿಯಾಪದ. ‘ನನಗೆ ಗೊತ್ತು’ ಎಂದರೆ ಬರಿಯ ‘ಸೇ’, ‘ನನಗೆ ಬೇಕು’ ಎಂದರೆ ‘ಕ್ಯೇರೊ’. ಇವೆರಡರಲ್ಲಿಯೂ ‘ನಾನು’ ಎಂಬುದೇ ಕರ್ತೃ. ಈ ನಾಲ್ಕನ್ನು ಒಂದು ಹಾಳೆಯ ಮೇಲೆ ಬರೆದು ಕಣ್ಣಿಗೆ ಬೀಳುವಂತೆ ಇಟ್ಟುಕೊಳ್ಳಿ. ಇನ್ನೊಂದು ಭೇದವೂ ಇದೆ: ‘ಅಣ್ಣನಿಗೆ ಇಷ್ಟ’ ಎನ್ನುವಾಗ ನಮಗೆ ‘ಅಣ್ಣನಿಗೆ’ ಎಂದರೆ ಸಾಕು, ಸ್ಪ್ಯಾನಿಷ್‌ಗೆ ಅದರ ಮೇಲೆ ‘ಲೆ’ ಎಂಬ ಸರ್ವನಾಮವೂ ಬೇಕು.

ಸರ್ವನಾಮಗಳ ಕ್ರಮಕ್ಕೆ ಬಂದರೆ, ‘ನನಗೆ ಅದನ್ನು ಕೊಟ್ಟಳು’ ಎಂಬ ವಾಕ್ಯವನ್ನು ಪದಕ್ಕೆ ಪದ ಇಟ್ಟುನೋಡಿ: ‘ಮೆ ಲೊ ದ್ಯೋ’. ನನಗೆ, ಅದನ್ನು, ಕೊಟ್ಟಳು. ಇಂಗ್ಲಿಷ್ ಮಾತನಾಡುವವರು ತಿಂಗಳುಗಟ್ಟಲೆ ಒದ್ದಾಡಿ ಕಲಿಯುವ ಈ ಕ್ರಮ ನಮ್ಮ ನಾಲಿಗೆಯ ಮೇಲೆಯೇ ಇದೆ. ‘ಅವನಿಗೆ ಅದನ್ನು ಕೊಟ್ಟೆ’ ಎನ್ನುವಾಗ ಮಾತ್ರ ‘ಲೆ ಲೊ’ ಎಂದು ಎರಡು ಲಕಾರಗಳು ಕೂಡುವಂತಿಲ್ಲವಾದ್ದರಿಂದ ‘ಲೆ’ ಎಂಬುದು ‘ಸೆ’ ಆಗಿ, ‘ಸೆ ಲೊ ದೀ’ ಎಂದಾಗುತ್ತದೆ. ಇದನ್ನು ಒಂದು ಸಂಧಿಯೆಂದು ಭಾವಿಸಿದರೆ ನೆನಪಿನಲ್ಲಿ ನಿಲ್ಲುತ್ತದೆ.

ನೀವು ಕೇಳದಿದ್ದರೂ ಒಂದು ಮಾತನ್ನು ಸೇರಿಸುತ್ತೇನೆ. ಕರ್ಮಪದ ಮನುಷ್ಯರಾಗಿದ್ದರೆ ಅದಕ್ಕೆ ಮೊದಲು ‘ಆ’ ಎಂಬ ಅವ್ಯಯ ಬರಬೇಕೆಂಬ ನಿಯಮ ನಿಮಗೆ ವಿಚಿತ್ರವಾಗಿ ಕಾಣಬಹುದು. ನಾವು ‘ಪುಸ್ತಕ ಹುಡುಕುತ್ತಿದ್ದೇನೆ’ ಎಂದು ವಿಭಕ್ತಿ ಪ್ರತ್ಯಯವಿಲ್ಲದೆ ಹೇಳುತ್ತೇವೆ, ಆದರೆ ‘ತಮ್ಮ ಹುಡುಕುತ್ತಿದ್ದೇನೆ’ ಎನ್ನಲು ಬರುವುದಿಲ್ಲ, ‘ತಮ್ಮನನ್ನು’ ಎನ್ನಲೇಬೇಕು. ‘ಬೂಸ್ಕೊ ಉನ್ ಲೀಬ್ರೊ’, ‘ಬೂಸ್ಕೊ ಆ ಮಿ ಎರ್ಮಾನೊ’ ಎಂಬ ವಾಕ್ಯಗಳ ನಡುವಿನ ಭೇದವೂ ಅದೇ.

ಪ್ರಶ್ನೆ: ಎರಡು ಸೆಮಿಸ್ಟರುಗಳ ನಡುವಿನ ರಜೆಯಲ್ಲಿ ಪುಸ್ತಕ ಮುಟ್ಟಲಿಲ್ಲ, ಕಲಿತದ್ದೆಲ್ಲ ಮರೆತಿದೆ. ಮೊದಲ ಸೆಮಿಸ್ಟರನ್ನೇ ಮತ್ತೆ ತೆಗೆದುಕೊಳ್ಳಬೇಕೆ?

ಉತ್ತರ: ಹೆಚ್ಚಿನವರಿಗೆ ಅದರ ಅಗತ್ಯವಿರುವುದಿಲ್ಲ. ಮರೆವಿನ ಬಗ್ಗೆ ತನ್ನ ಮೇಲೆಯೇ ಪ್ರಯೋಗಗಳನ್ನು ಮಾಡಿಕೊಂಡು 1885ರಲ್ಲಿ ಪ್ರಕಟಿಸಿದ ಜರ್ಮನಿಯ ಹರ್ಮನ್ ಎಬಿಂಗ್‌ಹೌಸ್ ಎರಡು ಸಂಗತಿಗಳನ್ನು ತೋರಿಸಿಕೊಟ್ಟರು: ಕಲಿತ ಮೇಲೆ ಮರೆವು ಮೊದಮೊದಲು ಬಲು ವೇಗವಾಗಿ ಬರುತ್ತದೆ, ಆದರೆ ಪೂರ್ತಿ ಮರೆತಂತೆ ಕಂಡದ್ದನ್ನು ಮರಳಿ ಕಲಿಯಲು ಮೊದಲ ಸಲಕ್ಕಿಂತ ಕಡಿಮೆ ಸಮಯ ಸಾಕಾಗುತ್ತದೆ. ನಿಮ್ಮ ಸ್ಥಿತಿಯನ್ನು ತಿಳಿಯಲು ಪುಸ್ತಕ ಮುಚ್ಚಿಟ್ಟು, ನಿಮ್ಮ ಒಂದು ದಿನವನ್ನು ವರ್ತಮಾನಕಾಲದ 10 ವಾಕ್ಯಗಳಲ್ಲಿ ಬರೆಯಿರಿ. ಪದಗಳು ಮಾತ್ರ ಮರೆತಿದ್ದರೆ ಚಿಂತೆಯಿಲ್ಲ. ಕ್ರಿಯಾಪದದ ಪ್ರತ್ಯಯಗಳು, ‘ಸೆರ್’ ಮತ್ತು ‘ಎಸ್ತಾರ್’ ಎಂಬ ಎರಡು ‘ಇರು’ಗಳ ಭೇದ, ನಾಮಪದಗಳ ಲಿಂಗ, ಇವು ಮೂರೂ ಅಳಿಸಿಹೋಗಿದ್ದರೆ ತರಗತಿ ಮುಂದೆ ಓಡುವ ಮೊದಲೇ ಎರಡು ವಾರ ದಿನಕ್ಕೆ ಅರ್ಧ ಗಂಟೆ ಇದಕ್ಕಾಗಿಯೇ ಮೀಸಲಿಡಿ. ಲಿಂಗದ ವಿಷಯದಲ್ಲಿ ಕನ್ನಡದಿಂದ ಸಹಾಯ ಸಿಗುವುದಿಲ್ಲ, ಏಕೆಂದರೆ ನಮ್ಮಲ್ಲಿ ಅರ್ಥವನ್ನು ನೋಡಿ ಲಿಂಗ ಹೇಳುತ್ತೇವೆ. ಅಲ್ಲಿ ಮೇಜು ಸ್ತ್ರೀಲಿಂಗ, ದಿನ ಪುಲ್ಲಿಂಗ, ಅಕಾರದಲ್ಲಿ ಮುಗಿಯುವ ‘ಪ್ರೊಬ್ಲೇಮ’ ಪುಲ್ಲಿಂಗ, ಒಕಾರದಲ್ಲಿ ಮುಗಿಯುವ ‘ಮಾನೊ’ ಸ್ತ್ರೀಲಿಂಗ. ಪದವನ್ನು ಒಂಟಿಯಾಗಿ ಕಲಿಯದೆ ‘ಎಲ್’ (ಪುಲ್ಲಿಂಗಕ್ಕೆ) ಅಥವಾ ‘ಲ’ (ಸ್ತ್ರೀಲಿಂಗಕ್ಕೆ) ಜೊತೆಗೇ ಕಲಿಯುವುದೊಂದೇ ಇದಕ್ಕೆ ಉಪಾಯ.

ಪ್ರಶ್ನೆ: ಮೌಖಿಕ ಪರೀಕ್ಷೆ ಹತ್ತಿರ ಬಂದಿದೆ. ಉಚ್ಚಾರಣೆಗಾಗಿ ಪದಗಳನ್ನು ಕನ್ನಡ ಲಿಪಿಯಲ್ಲಿ ಬರೆದುಕೊಳ್ಳುವುದು ತಪ್ಪೇ?

ಉತ್ತರ: ಮೊದಲ ಕೆಲವು ದಿನಗಳಿಗೆ ತಪ್ಪಿಲ್ಲ, ಆಮೇಲೆ ಬಿಡಬೇಕು, ಏಕೆಂದರೆ ಪರೀಕ್ಷೆಯಲ್ಲಿ ನೀವು ಓದಬೇಕಾದದ್ದು ರೋಮನ್ ಲಿಪಿಯನ್ನು. ಬರೆಯುವಾಗ ‘ಟ’, ‘ಡ’ ಎಂದು ಬರೆಯದೆ ‘ತ’, ‘ದ’ ಎಂದೇ ಬರೆಯಿರಿ. ಸ್ಪ್ಯಾನಿಷ್‌ನಲ್ಲಿ ಇವು ದಂತ್ಯ ಧ್ವನಿಗಳು, ಮತ್ತು ಪ, ತ, ಕಗಳಲ್ಲಿ ಮಹಾಪ್ರಾಣದ ಸುಳಿವೂ ಇರುವುದಿಲ್ಲ. ಇಂಗ್ಲಿಷಿನ ವಿ ಮತ್ತು ಬಿ ಅಕ್ಷರಗಳಿಗೆ ಅಲ್ಲಿ ಒಂದೇ ಧ್ವನಿ, ಎಚ್ ಅಕ್ಷರಕ್ಕೆ ಧ್ವನಿಯೇ ಇಲ್ಲ. ‘ಪೇರೊ’ ಎಂದರೆ ‘ಆದರೆ’, ‘ಪೇರ್ರೊ’ ಎಂದರೆ ‘ನಾಯಿ’. ‘ಕರ್ರಗೆ’ ಎನ್ನುವಾಗ ನಾಲಿಗೆ ಹೇಗೆ ಅದುರುತ್ತದೆಯೋ ಹಾಗೆಯೇ ಅದುರಿಸಿ.

ನಾವು ಸೋಲುವುದು ಒತ್ತಿನಲ್ಲಿ. ‘ಆಬ್ಲೊ’ ಎಂದರೆ ‘ನಾನು ಮಾತನಾಡುತ್ತೇನೆ’, ‘ಅಬ್ಲೋ’ ಎಂದರೆ ‘ಅವನು ಮಾತನಾಡಿದ’. ಬರಹದಲ್ಲಿ ಕೊನೆಯ ಸ್ವರದ ಮೇಲಿನ ಒಂದು ಸಣ್ಣ ಗೆರೆ ಮಾತ್ರ ಇವೆರಡನ್ನು ಬೇರ್ಪಡಿಸುತ್ತದೆ. ಸ್ವರದಲ್ಲಿ, ಅಥವಾ ಎನ್, ಎಸ್ ಅಕ್ಷರಗಳಲ್ಲಿ ಮುಗಿಯುವ ಪದಕ್ಕೆ ಕೊನೆಯಿಂದ ಎರಡನೆಯ ಉಚ್ಚಾರಾಂಶದ ಮೇಲೆ ಒತ್ತು, ಉಳಿದವಕ್ಕೆ ಕೊನೆಯದರ ಮೇಲೆ. ಇದನ್ನು ಮೀರಿದ ಪದಗಳಲ್ಲೆಲ್ಲ ಆ ಗೆರೆ ಇರುತ್ತದೆ. ಅದನ್ನು ಅಲಂಕಾರವೆಂದು ತಿಳಿದು ಬಿಟ್ಟುಬಿಡುವವರು ಎರಡನೇ ಸೆಮಿಸ್ಟರಿನಲ್ಲಿ ಅನ್ಯಾಯವಾಗಿ ಅಂಕ ಕಳೆದುಕೊಳ್ಳುತ್ತಾರೆ.

ಪ್ರಶ್ನೆ: ಸ್ಪೇನ್ ದೇಶದ ಭಾಷೆಯನ್ನು ಕಲಿಯಬೇಕೆ, ಲ್ಯಾಟಿನ್ ಅಮೆರಿಕದ್ದನ್ನೇ?

ಉತ್ತರ: ನಿಮ್ಮ ಅಧ್ಯಾಪಕರು ಬಳಸುವುದನ್ನು ಕಲಿಯಿರಿ. 20 ಸ್ವತಂತ್ರ ದೇಶಗಳ ಅಧಿಕೃತ ಭಾಷೆಯಾದ ಸ್ಪ್ಯಾನಿಷ್‌ನಲ್ಲಿ ಪ್ರಾದೇಶಿಕ ಭೇದಗಳು ಇದ್ದೇ ಇವೆ, ಆದರೆ ಈ ಹಂತದಲ್ಲಿ ತಿಳಿಯಬೇಕಾದದ್ದು ಸ್ವಲ್ಪವೇ. ‘ನೀನು’ ಎಂಬುದಕ್ಕೆ ‘ತೂ’, ಗೌರವದ ‘ನೀವು’ ಎಂಬುದಕ್ಕೆ ‘ಉಸ್ತೇದ್’. ಅರ್ಜೆಂಟೀನಾದಂಥ ಕೆಲವು ದೇಶಗಳಲ್ಲಿ ‘ತೂ’ ಬದಲಿಗೆ ‘ಬೊಸ್’ ಎನ್ನುತ್ತಾರೆ. ಗೆಳೆಯರ ಗುಂಪನ್ನು ಸಂಬೋಧಿಸುವ ‘ಬೊಸೋತ್ರೊಸ್’ ಸ್ಪೇನಿನಲ್ಲಿ ಬಳಕೆಯಲ್ಲಿದೆ, ಲ್ಯಾಟಿನ್ ಅಮೆರಿಕದಲ್ಲಿ ‘ಉಸ್ತೇದೆಸ್’ ಎಂಬುದೊಂದೇ ಸಾಕು. ‘ಉಸ್ತೇದ್’ ಜೊತೆಗೆ ಬರುವ ಕ್ರಿಯಾಪದ ‘ಅವನು, ಅವಳು’ ಎಂಬುದರ ರೂಪದಲ್ಲಿರುತ್ತದೆ ಎಂಬುದನ್ನು ಮರೆಯಬೇಡಿ.

ಪ್ರಶ್ನೆ: ಎರಡನೇ ಸೆಮಿಸ್ಟರ್ ಮುಗಿಯುವಾಗ ನನಗೆ ಎಷ್ಟು ಭಾಷೆ ಬಂದಿರುತ್ತದೆ?

ಉತ್ತರ: ಕೌನ್ಸಿಲ್ ಆಫ್ ಯುರೋಪ್ 2001ರಲ್ಲಿ ಪ್ರಕಟಿಸಿದ ಚೌಕಟ್ಟಿನಲ್ಲಿ ಭಾಷಾ ಸಾಮರ್ಥ್ಯಕ್ಕೆ ಎ1ರಿಂದ ಸಿ2ವರೆಗೆ 6 ಹಂತಗಳಿವೆ. ವಾರದ ತರಗತಿಗಳ ಸಂಖ್ಯೆಯನ್ನು ಅವಲಂಬಿಸಿ ನೀವು ಎ1 ದಾಟಿ ಎ2ರ ಹಾದಿಯಲ್ಲಿ ಎಲ್ಲೋ ಇರುತ್ತೀರಿ. ನಿನ್ನೆ ನಡೆದದ್ದನ್ನು ಹೇಳಲು, ಬಾಲ್ಯವನ್ನು ಬಣ್ಣಿಸಲು, ಒಬ್ಬರ ಮಾತಿಗೆ ಚಿಕ್ಕ ಉತ್ತರ ಕೊಡಲು ಬರುತ್ತದೆ; ದಿನಪತ್ರಿಕೆ ಓದಲು ಇನ್ನೂ ಕಷ್ಟವಾಗುತ್ತದೆ. ಪ್ರಮಾಣಪತ್ರ ಬೇಕೆನ್ನುವವರಿಗೆ ಸ್ಪೇನ್ ಸರ್ಕಾರದ ಇನ್ಸ್ತಿತೂತೊ ಸೆರ್ಬಾಂತೆಸ್ ಸಂಸ್ಥೆಯ ದೆಲೆ ಪರೀಕ್ಷೆಗಳಿವೆ; ಈ ಹಂತದಲ್ಲಿ ಎ1 ಪರೀಕ್ಷೆಗೆ ಧೈರ್ಯವಾಗಿ ಕೂರಬಹುದು.

ಮುಂದಿನ ಹಂತದಲ್ಲಿ ಸಬ್‌ಜಂಕ್ಟಿವ್ (ಬಯಕೆ, ಸಂದೇಹ ಮುಂತಾದವನ್ನು ಹೇಳುವ ಕ್ರಿಯಾರೂಪ) ಎಂಬ ಪಾಠ ಬರುತ್ತದೆ, ಅದರ ಬಗ್ಗೆ ಹಿರಿಯ ವಿದ್ಯಾರ್ಥಿಗಳು ಈಗಾಗಲೇ ನಿಮ್ಮನ್ನು ಹೆದರಿಸಿರಬಹುದು. ‘ಕ್ಯೇರೊ ಕೆ ಬೇಂಗ’ ಎಂಬ ವಾಕ್ಯ ಅಲ್ಲಿ ಸಿಗುತ್ತದೆ. ಅದರ ಅರ್ಥ ‘ಅವನು ಬರಲಿ ಎಂದು ಬಯಸುತ್ತೇನೆ’. ಆ ‘ಬೇಂಗ’ವನ್ನು ಕಂಡಾಗ ನಮ್ಮ ‘ಬರಲಿ’ಯನ್ನು ನೆನಪಿಸಿಕೊಂಡು ಪಾಠ ಆರಂಭಿಸಿ.