ಮಾವು, ದಾಸವಾಳದ ಎಲೆಯಿಂದ ತೆಗೆದ ಡಿಎನ್‌ಎ ಕಂದಾಗಿ, ಲೋಳೆಯಾಗಿ ಬರುವುದೇಕೆ?
ಎಂ.ಎಸ್ಸಿ. ಪ್ರಾಜೆಕ್ಟಿನಲ್ಲಿ ಸಿಟ್ಯಾಬ್ ವಿಧಾನ (ಸಿಟ್ಯಾಬ್ ಎಂಬ ಮಾರ್ಜಕದಿಂದ ಕೋಶ ಒಡೆದು ಡಿಎನ್‌ಎ ತೆಗೆಯುವುದು) ಬಳಸಿದರೆ ಮಾವಿನ ಪೆಲೆಟ್, ಅಂದರೆ ತಳದಲ್ಲಿ ಕೂರುವ ಡಿಎನ್‌ಎ ಗಟ್ಟಿ, ಕಂದು, ದಾಸವಾಳದ್ದು ಲೋಳೆ, ಪಿಸಿಆರ್‌ನಲ್ಲಿ (ಡಿಎನ್‌ಎಯ ಒಂದು ತುಂಡನ್ನು ನಕಲು ಮಾಡಿ ಹೆಚ್ಚಿಸುವ ವಿಧಾನ) ಎರಡಕ್ಕೂ ಬ್ಯಾಂಡ್ ಇಲ್ಲ, ಅಂದರೆ ಜೆಲ್‌ನಲ್ಲಿ ಡಿಎನ್‌ಎ ಗೆರೆ ಕಾಣುತ್ತಿಲ್ಲ, ವಿಭಾಗದಲ್ಲಿ ಎಲೆ ಹೆಪ್ಪುಗಟ್ಟಿಸಿ ಅರೆಯುವ ದ್ರವ ಸಾರಜನಕವೂ ಸಿಗುವುದಿಲ್ಲ ಎಂದಿದ್ದೀರಿ. ಇವು ಎರಡು ಬೇರೆ ತೊಂದರೆಗಳು; ಒಂದೇ ಮದ್ದು ಸಾಲದು.

ಮಾವಿನಲ್ಲಿ ಕಾಟ ಕೊಡುವುದು ಪಾಲಿಫೀನಾಲ್. ಎಲೆ ಅರೆದ ಕೂಡಲೇ ಅದು ಗಾಳಿಗೆ ಆಕ್ಸಿಡೀಕರಣಗೊಂಡು ಡಿಎನ್‌ಎಗೆ ಅಂಟಿಕೊಳ್ಳುತ್ತದೆ. ಹೆಚ್ಚಿಟ್ಟ ಬದನೆಕಾಯಿ ಕಪ್ಪಾಗುವುದೂ ಇದೇ ಕ್ರಿಯೆಯಿಂದ. ಒಮ್ಮೆ ಅಂಟಿತೆಂದರೆ ಆಮೇಲೆ ಎಷ್ಟು ಎಥನಾಲ್‌ನಲ್ಲಿ ತೊಳೆದರೂ ಹೋಗದು, ಹಾಗಾಗಿ ತಡೆಯಬೇಕಾದದ್ದು ಅರೆಯುವ ಹಂತದಲ್ಲೇ. ಬಲಿತ ಎಲೆ ಬಿಟ್ಟು ಎಳೆಯದನ್ನು ಆರಿಸಿ. ದ್ರವ ಸಾರಜನಕ ಇಲ್ಲದಿದ್ದರೆ ಎಲೆಯ ಚೂರುಗಳನ್ನು ಅದರ ಹತ್ತು ಪಟ್ಟು ತೂಕದ ಸಿಲಿಕಾ ಜೆಲ್‌ನಲ್ಲಿ ಹಾಕಿ ಒಂದು ದಿನದೊಳಗೆ ಗರಿಗರಿಯಾಗಿ ಒಣಗಿಸಿ. ಒಣಗಿದ ಎಲೆ 20 ಮಿ.ಗ್ರಾಂ. ಪುಡಿಮಾಡಿದರೆ ಸಾಕು. ಜಾಸ್ತಿ ಹಾಕಿದರೆ ಜಾಸ್ತಿ ಡಿಎನ್‌ಎ ಬರುತ್ತದೆಂಬ ಆಸೆಯೇ ಅರ್ಧ ಸ್ಯಾಂಪಲ್‌ಗಳನ್ನು ಕೆಡಿಸುವುದು.

100 ಮಿ.ಲೀ. ಸಿಟ್ಯಾಬ್ ಬಫರ್‌ಗೆ (ಡಿಎನ್‌ಎ ತೆಗೆಯುವ ದ್ರಾವಣ) ಸಿಟ್ಯಾಬ್ 2 ಗ್ರಾಂ, ಸೋಡಿಯಂ ಕ್ಲೋರೈಡ್ 8.2 ಗ್ರಾಂ, ಪಿಎಚ್ 8ರ 1 ಮೋಲಾರ್ ಟ್ರಿಸ್ 10 ಮಿ.ಲೀ., 0.5 ಮೋಲಾರ್ ಇಡಿಟಿಎ 4 ಮಿ.ಲೀ., ಪಾಲಿಫೀನಾಲ್ ಹಿಡಿದಿಡುವ ಪಿವಿಪಿ 2 ಗ್ರಾಂ. ಆಕ್ಸಿಡೀಕರಣ ತಡೆಯುವ ಬೀಟಾ-ಮರ್ಕ್ಯಾಪ್ಟೊಎಥನಾಲ್ ಮೊದಲೇ ಬೆರೆಸಿಡಬೇಡಿ; ಬಳಸುವಾಗ ಪ್ರತಿ ಮಿ.ಲೀ.ಗೆ 2 ಮೈಕ್ರೊಲೀಟರ್, ಮಾವಿಗೆ 10ರಿಂದ 20. ಇದನ್ನು ಫ್ಯೂಮ್ ಹುಡ್‌ನಲ್ಲೇ ಮಾಡಿ.

ದಾಸವಾಳದ ಲೋಳೆ ಪಾಲಿಸ್ಯಾಕರೈಡ್. ಅದಕ್ಕೆ ನಾನು ಹೇಳುವುದು ಸಾರ್ಬಿಟಾಲ್ ತೊಳೆತ. 100 ಮಿ.ಲೀ.ಗೆ ಸಾರ್ಬಿಟಾಲ್ 6.4 ಗ್ರಾಂ, ಅದೇ ಟ್ರಿಸ್ 10 ಮಿ.ಲೀ., ಇಡಿಟಿಎ 1 ಮಿ.ಲೀ., ಪಿವಿಪಿ 1 ಗ್ರಾಂ; ಬಳಸುವ ಮುಂಚೆ 1 % ಮರ್ಕ್ಯಾಪ್ಟೊ. ಪುಡಿಗೆ 1 ಮಿ.ಲೀ. ಹಾಕಿ ಕಲಕಿ, ಸೆಂಟ್ರಿಫ್ಯೂಜ್‌ನಲ್ಲಿ 5000 ಜಿ ಬಲದಲ್ಲಿ ಐದು ನಿಮಿಷ ತಿರುಗಿಸಿ, ಮೇಲಿನ ದ್ರವ ಚೆಲ್ಲಿ. ನ್ಯೂಕ್ಲಿಯಸ್ ತಳದಲ್ಲಿ ಉಳಿಯುತ್ತದೆ, ಲೋಳೆ ಹೋಗುತ್ತದೆ. ಮೇಲಿನ ದ್ರವ ನೂಲಿನಂತೆ ಎಳೆಯುವುದು ನಿಲ್ಲುವವರೆಗೆ ಇದನ್ನೇ ಮಾಡಿ. ಮಾವಿಗೂ ಒಮ್ಮೆ ಮಾಡಿದರೆ ನಷ್ಟವೇನಿಲ್ಲ.

ಆಮೇಲೆ ಮಾಮೂಲಿ: ಸಿಟ್ಯಾಬ್ ಬಫರ್ ಹಾಕಿ 65 ಡಿಗ್ರಿ ಸೆಲ್ಸಿಯಸ್‌ನಲ್ಲಿ ಮುಕ್ಕಾಲು ಗಂಟೆ, ನಂತರ 24:1 ಕ್ಲೋರೊಫಾರ್ಮ್-ಐಸೊಅಮೈಲ್ ಆಲ್ಕೊಹಾಲ್ ಬೆರೆಸಿ ಸೆಂಟ್ರಿಫ್ಯೂಜ್. ಈ ಹಂತದ ಸೆಂಟ್ರಿಫ್ಯೂಜ್ ಕೋಣೆಯ ಉಷ್ಣತೆಯಲ್ಲೇ ಇರಲಿ, 4 ಡಿಗ್ರಿಗೆ ಇಟ್ಟರೆ ಸಿಟ್ಯಾಬೇ ಗಟ್ಟಿಕಟ್ಟುತ್ತದೆ. ಮೇಲ್ಪದರ ತೆಗೆಯುವಾಗ ನಡುವಿನ ಬಿಳಿ ಪದರದ ಹತ್ತಿರ ಹೋಗಬೇಡಿ, ಸ್ವಲ್ಪ ಬಿಟ್ಟರೂ ಸರಿ. ಲೋಳೆ ಇನ್ನೂ ಇದ್ದರೆ, ಡಿಎನ್‌ಎ ಗಟ್ಟಿಕಟ್ಟಿಸಲು ಮಾಮೂಲಿ ಐಸೊಪ್ರೊಪನಾಲ್ ಬದಲು, ಅರ್ಧ ಪ್ರಮಾಣ 5 ಮೋಲಾರ್ ಉಪ್ಪಿನ (ಸೋಡಿಯಂ ಕ್ಲೋರೈಡ್) ದ್ರಾವಣ ಸೇರಿಸಿ ಎರಡು ಪಟ್ಟು ಎಥನಾಲ್ ಹಾಕಿ. ಉಪ್ಪು ಹೆಚ್ಚಿದ್ದಾಗ ಪಾಲಿಸ್ಯಾಕರೈಡ್ ಬಹುಮಟ್ಟಿಗೆ ದ್ರವದಲ್ಲೇ ಉಳಿಯುತ್ತದೆ. ಕೊನೆಗೆ 70 % ಎಥನಾಲ್‌ನಲ್ಲಿ ಎರಡು ಸಲ ತೊಳೆಯಿರಿ.

ನ್ಯಾನೊಡ್ರಾಪ್‌ನಲ್ಲಿ (ಬೆಳಕು ಹೀರುವಿಕೆಯಿಂದ ಡಿಎನ್‌ಎ ಶುದ್ಧತೆ ಅಳೆಯುವ ಯಂತ್ರ) 260 ಮತ್ತು 280 ನ್ಯಾನೊಮೀಟರ್‌ಗಳ ಹೀರುವಿಕೆಯ ಅನುಪಾತ (260/280) 1.8 ಬಂತೆಂದು ನಂಬಿ ಕೂರಬೇಡಿ. 260/230 ನೋಡಿ, 1ಕ್ಕಿಂತ ಕೆಳಗಿದ್ದರೆ ಕಸ ಇದೆ. ಖಚಿತವಾಗಬೇಕಾದರೆ, ಚೆನ್ನಾಗಿ ಬ್ಯಾಂಡ್ ಕೊಡುವ ರಾಗಿ ಡಿಎನ್‌ಎಗೆ ನಿಮ್ಮದನ್ನು 1 ಮೈಕ್ರೊಲೀಟರ್ ಬೆರೆಸಿ, ಎರಡಕ್ಕೂ ಹೊಂದುವ ಪ್ರೈಮರ್‌ನಲ್ಲಿ (ನಕಲು ಎಲ್ಲಿಂದ ಶುರುವಾಗಬೇಕೆಂದು ಗೊತ್ತುಮಾಡುವ ಚಿಕ್ಕ ಡಿಎನ್‌ಎ ತುಂಡು) ಪಿಸಿಆರ್ ಹಾಕಿ. ರಾಗಿಯ ಬ್ಯಾಂಡೂ ಮಾಯವಾದರೆ ತಪ್ಪು ಪ್ರೈಮರ್‌ನದಲ್ಲ, ನಿಮ್ಮ ಡಿಎನ್‌ಎಯಲ್ಲಿ ಪಿಸಿಆರ್ ತಡೆಯುವ ವಸ್ತು ಇದೆ. ಆಗ ಹೊಸದಾಗಿ ಡಿಎನ್‌ಎ ತೆಗೆಯುವ ಮುಂಚೆ ಇರುವುದನ್ನೇ 10 ಪಟ್ಟು, 50 ಪಟ್ಟು ತೆಳುಮಾಡಿ, ಪಿಸಿಆರ್‌ಗೆ ಬಿಎಸ್‌ಎ (ತಡೆಯುವ ವಸ್ತುಗಳನ್ನು ಹಿಡಿದಿಡುವ ಪ್ರೋಟೀನ್) ಸೇರಿಸಿ ನೋಡಿ. ಎಷ್ಟೋ ಸಲ ಅಷ್ಟಕ್ಕೇ ಬ್ಯಾಂಡ್ ಬಂದುಬಿಡುತ್ತದೆ.