ಖಾಸಗಿಯಾಗಿ ಹಣ ಪಡೆದು ನಡೆಸಿದ ವ್ಯಾಪಾರ ನಷ್ಟವಾದರೆ ಹೊಣೆ ಯಾರದು?

ಬರೀ ನಷ್ಟವಾಯಿತು ಎಂಬ ಕಾರಣಕ್ಕೆ ವ್ಯಾಪಾರ ನಡೆಸಿದವರು ಹಣ ವಾಪಸ್ ಕೊಡಬೇಕಾಗಿಲ್ಲ. ಹಣ ಯಾವ ರೂಪದಲ್ಲಿ ಬಂತು ಎಂಬುದು ಮುಖ್ಯ. ಷೇರು ಕೊಂಡವರು ಲಾಭದಂತೆ ನಷ್ಟಕ್ಕೂ ಪಾಲುದಾರರು, ಆದರೆ ಹಾಕಿದ ಮೊತ್ತದವರೆಗೆ ಮಾತ್ರ. ಒಪ್ಪಂದದ ಪತ್ರದಲ್ಲಿ ಬಡ್ಡಿ, ಮರುಪಾವತಿಯ ದಿನಾಂಕ ಇದ್ದರೆ ಅದು ಸಾಮಾನ್ಯವಾಗಿ ಸಾಲ. ವ್ಯಾಪಾರ ಮುಳುಗಿದರೂ ಬಾಕಿ ಉಳಿಯುತ್ತದೆ.

ಆ ಬಾಕಿ ಯಾರ ತಲೆಗೆ? ಸೀಮಿತ ಹೊಣೆಯ ಕಂಪನಿ ಕಾನೂನಿನ ಕಣ್ಣಲ್ಲಿ ಪ್ರತ್ಯೇಕ ವ್ಯಕ್ತಿ. ಅದರ ಸಾಲಕ್ಕೆ ಸಾಮಾನ್ಯವಾಗಿ ಅದರ ಆಸ್ತಿಯಷ್ಟೇ ಬಾಧ್ಯ. ಸಾಮಾನ್ಯ ಪಾಲುದಾರಿಕೆಯಲ್ಲಿ ಈ ಗೋಡೆಯಿಲ್ಲ, ಪಾಲುದಾರರ ಸ್ವಂತ ಮನೆಯೂ ಹೋಗಬಹುದು. ಕಂಪನಿಯ ಸಾಲಕ್ಕೆ ನಿರ್ದೇಶಕರು ವೈಯಕ್ತಿಕ ಜಾಮೀನು ಹಾಕಿದರೂ ಗೋಡೆ ಬಿದ್ದಂತೆಯೇ. ದಯವಿಟ್ಟು ಜಾಮೀನಿನ ಪುಟ ಓದದೆ ಸಹಿ ಮಾಡಬೇಡಿ. ಇನ್ನು ಸುಳ್ಳು ಲೆಕ್ಕ ತೋರಿಸಿ ಹಣ ಪಡೆದಿದ್ದರೆ, ವಂಚನೆಯ ಮೊಕದ್ದಮೆ ನೇರವಾಗಿ ಹಾಗೆ ಮಾಡಿದ ವ್ಯಕ್ತಿಯ ಮೇಲೆಯೇ ಬೀಳಬಹುದು.