ಆಸ್ಟ್ರೇಲಿಯಾದ ಹಳ್ಳಿಗಾಡಿನಲ್ಲಿ ಮನೆಗಳು ಮೊದಲು, ಸೌಕರ್ಯ ಆಮೇಲೆ: ಯಾಕೆ ಹೀಗೆ?

ಮೌಂಟ್ ಬಾರ್ಕರ್ ಊರನ್ನೇ ನೋಡಿ. ದಕ್ಷಿಣ ಆಸ್ಟ್ರೇಲಿಯಾ ರಾಜ್ಯದ ರಾಜಧಾನಿ ಅಡಿಲೇಡ್‌ನಿಂದ ಸುಮಾರು 35 ಕಿ.ಮೀ. ದೂರ, ಗುಡ್ಡದ ಆಚೆಗಿನ ಹಳೇ ರೈತರ ಪೇಟೆ. 2010ರ ಕೊನೆಯಲ್ಲಿ ದಕ್ಷಿಣ ಆಸ್ಟ್ರೇಲಿಯಾ ಸರ್ಕಾರ ಇದರ ಸುತ್ತಲಿನ ಸುಮಾರು 1,300 ಹೆಕ್ಟೇರ್ ಹೊಲ, ಹುಲ್ಲುಗಾವಲನ್ನು ಒಂದೇ ಏಟಿಗೆ ವಸತಿ ಜಾಗ ಮಾಡಿಬಿಟ್ಟಿತು. ಸ್ಥಳೀಯರ ವಿರೋಧ ಜೋರಾಗಿಯೇ ಇತ್ತು.

ಸೈಟು ಮಾಡಿ ಮಾರೋದು ಬೇಗ ಆಗುವ ಕೆಲಸ. ಜಾಗದ ಬಳಕೆ ಬದಲಿಸೋದು ರಾಜ್ಯ ಸರ್ಕಾರ, ಬಡಾವಣೆಯ ರಸ್ತೆ ನೋಡಿಕೊಳ್ಳೋದು ಕೌನ್ಸಿಲ್, ಅಂದರೆ ನಮ್ಮ ಪುರಸಭೆಯಂಥ ಸ್ಥಳೀಯ ಸಂಸ್ಥೆ. ಕೌನ್ಸಿಲ್‌ಗೆ ಮನೆ ತೆರಿಗೆ ಬರೋದು ಜನ ಬಂದ ಮೇಲೆ ತಾನೇ? ದೊಡ್ಡ ಖರ್ಚು ಮಾತ್ರ ಅದಕ್ಕೂ ಮುಂಚೆಯೇ ಬರುತ್ತದೆ.

ಒಳಚರಂಡಿಯದ್ದೇ ಇಲ್ಲಿ ದೊಡ್ಡ ತಲೆನೋವು. ಅಡಿಲೇಡ್‌ನಲ್ಲಿ ಇದು ಸರ್ಕಾರಿ ಸಂಸ್ಥೆ 'ಎಸ್‌ಎ ವಾಟರ್' ಕೆಲಸ, ಇಲ್ಲಿ ಕೌನ್ಸಿಲ್ಲೇ ನಡೆಸಿಕೊಂಡು ಬಂತು. ಶುದ್ಧ ಮಾಡಿದ ನೀರು ಲಾರಟಿಂಗ ಎಂಬ ಕೆರೆಗಳ ಸಾಲಿಗೆ ಹೋಗುತ್ತದೆ. ಹಕ್ಕಿ ನೋಡೋಕೆ ಜನ ಬರುವಷ್ಟು ಚೆನ್ನಾಗಿದೆ. ಆದರೆ ಪುಟ್ಟ ಊರಿಗೆ ಸಾಕಾಗಿದ್ದ ಘಟಕಕ್ಕೆ ಸಾವಿರಾರು ಹೊಸ ಮನೆಗಳ ಪೈಪು ಸೇರಿದರೆ?

ಊರಿನಿಂದ ಹೆದ್ದಾರಿಗೆ ಎರಡನೇ ಇಂಟರ್‌ಚೇಂಜ್ (ಹತ್ತಿ ಇಳಿಯುವ ಜಾಗ) ಸಿಕ್ಕಿದ್ದು 2016ರಲ್ಲಿ. ರೈಲು? ಹಳಿ ಇದೆ, ಆದರೆ 1995ರಲ್ಲಿ ಅಡಿಲೇಡ್–ಮೆಲ್ಬರ್ನ್ ಮಾರ್ಗದ ಗೇಜ್ (ಹಳಿಗಳ ನಡುವಿನ ಅಗಲ) ಬದಲಾಗಿ ಈ ಊರಿನ ಹಳಿ ಅದಕ್ಕೆ ಸೇರದೆ ಬೇರೆಯಾಗಿ ಉಳಿಯಿತು. ಈಗ ಅದರ ಮೇಲೆ ಪ್ರವಾಸಿಗರ ಹಳೇ ಉಗಿಬಂಡಿ ಓಡುತ್ತದೆ, ಅದೂ ಅಡಿಲೇಡ್ ಕಡೆಗಲ್ಲ, ಸಮುದ್ರದ ಕಡೆಗೆ! ಆಫೀಸಿಗೆ ಹೋಗುವವರಿಗೆ ಕಾರು, ಇಲ್ಲಾ ಬಸ್ಸು.